ಹುಟ್ಟುಹಬ್ಬದ ಕಬ್ಬು

ಹವಾನಾ
೬ ಮಾರ್ಚ್ ೧೯೭೦

ಅಕ್ಕಾ ಎವಾರಿಸ್ತಾ,

ನಾನು ಬದುಕಿದ್ದೇನೆ, ಚೆನ್ನಾಗಿದ್ದೇನೆ. ಮೊದಲು ಅದನ್ನು ಭಾವನಿಗೆ ಹೇಳು. ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟಾಗ ನೀನು ಸೌಟು ಹಿಡಿದು ರಸ್ತೆಗೆ ಬಂದು "ಅಯ್ಯೋ, ಇವನೇನು ಕದ್ದ?" ಎಂದು ಕೂಗಿದೆಯಲ್ಲ, ಹವಾನಾ ಮುಟ್ಟುವವರೆಗೂ ಡ್ರೈವರ್ ಅದನ್ನೇ ಹೇಳಿಕೊಂಡು ನಗುತ್ತಿದ್ದ. ನಾನು ಏನೂ ಕದ್ದಿಲ್ಲ. ನಾನೀಗ ವೀರ! 'ಕಬ್ಬಿನ ಗದ್ದೆಯ ವೀರ ರೊಸೆಂದೊ' ಎಂದು ಪತ್ರಿಕೆಯ ಮೊದಲ ಪುಟದಲ್ಲೇ ಹಾಕಿದ್ದಾರೆ. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಎಡಗಡೆ ಮೂಲೆಯಲ್ಲಿ ಒಂದು ಮೊಣಕೈ ಕಾಣುತ್ತದೆ ನೋಡು, ಅದು ಭಾವನದು.

ನನ್ನನ್ನು ಇಳಿಸಿರುವ ಹೋಟೆಲು ಎಷ್ಟು ಎತ್ತರವೆಂದರೆ ಕಿಟಕಿಯಿಂದ ಕೆಳಗೆ ನೋಡುವಾಗ ಎರಡೂ ಕೈಯಲ್ಲಿ ಚೌಕಟ್ಟು ಹಿಡಿದುಕೊಳ್ಳುತ್ತೇನೆ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಹಾಸಿಗೆ ತೀರಾ ಮೆತ್ತಗಿದೆಯೆಂದು ಮೊದಲ ರಾತ್ರಿ ನೆಲದ ಮೇಲೇ ಮಲಗಿದೆ. ಆ ದಿನ ಫೋಟೋ ತೆಗೆದ ಪತ್ರಿಕೆಯವನು, ಉರ್ಕಿಯೊಲಾ ಎಂದು ಅವನ ಹೆಸರು, ನನ್ನನ್ನು ದಿನಕ್ಕೊಂದು ಕಾರ್ಖಾನೆಗೆ ಕರೆದೊಯ್ಯುತ್ತಾನೆ. ಎಲ್ಲ ಕಡೆ ಚಪ್ಪಾಳೆ. ಕೈ ಕುಲುಕಿ ಕುಲುಕಿ ಮಚ್ಚು ಹಿಡಿದುದಕ್ಕಿಂತ ಹೆಚ್ಚು ನೋಯುತ್ತಿದೆ.

ಎರಡು ವಾರದಲ್ಲಿ ಬಂದುಬಿಡುತ್ತೇನೆ. ನನ್ನ ಮಚ್ಚಿಗೆ ತುಕ್ಕು ಹಿಡಿಯದಂತೆ ಭಾವನಿಗೆ ನೋಡಿಕೊಳ್ಳಲು ಹೇಳು.

ನಿನ್ನ ರೊಸೆಂದೊ


ಲಾ ಕಲಾಂದ್ರಿಯಾ, ಕಾಮಾಗ್ವೇ
೨೯ ಮಾರ್ಚ್ ೧೯೭೦

ತಮ್ಮಾ,

ನಿನ್ನ ಕಾಗದವನ್ನು ಊಟದ ಚಪ್ಪರದಲ್ಲಿ ನಾನೇ ಗಟ್ಟಿಯಾಗಿ ಓದಿದೆ. ಬಿಸಿನೀರಿನ ಸುದ್ದಿ ಬಂದಾಗ ಗಂಡಸರೆಲ್ಲ ಶಿಳ್ಳೆ ಹಾಕಿದರು. ರಾಶಿಗಳ ಲೆಕ್ಕ ಬರೆಯುವ ಮುದುಕ ಸೆವೆರೊ, "ವೀರನಿಗೆ ಬಿಸಿನೀರು, ನಮಗೆ ಕಣ್ಣೀರು, ಬಡಿಸಮ್ಮಾ ಹುರುಳೀನ" ಅಂದ. ನಿನ್ನ ಭಾವ ಆ ಫೋಟೋವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಇದು ನನ್ನ ಮೊಣಕೈನೇ ಕಣೇ, ಗಾಯದ ಗುರುತು ಐತೆ" ಎಂದು ಹಿಗ್ಗಿಹೋದ. ಇವನನ್ನು ಕಟ್ಟಿಕೊಂಡ ನನಗೆ ಏನೆನ್ನಬೇಕು!

ನಗು ಸಾಕು. ಈಗ ಆ ಉರ್ಕಿಯೊಲಾಗೆ ನಿಜ ಹೇಳಿಬಿಡು. ಅವನ ತಪ್ಪಲ್ಲ. ಹವಾನಾದವರು ಹುಟ್ಟುಹಬ್ಬಕ್ಕೆ ಕೇಕು ತಿನ್ನುತ್ತಾರೆ, ನಮ್ಮಲ್ಲಿ ಕಬ್ಬು ಎಸೆಯುತ್ತಾರೆ. ಹುಟ್ಟಿದ ದಿನ ಜೊತೆಯವರೆಲ್ಲ ತಮ್ಮ ಕಬ್ಬನ್ನು ಅವನ ರಾಶಿಗೆ ಹಾಕುವುದು, ಸಂಜೆ ಅವನು ಎಲ್ಲರಿಗೂ ಕುಡಿಸುವುದು, ಇದು ಅಪ್ಪನ ಕಾಲದಿಂದ ಬಂದದ್ದು. ನಿನಗೆ ಇಪ್ಪತ್ತೈದು ತುಂಬಿತೆಂದು ಆ ದಿನ ಹದಿನೆಂಟು ಜನವೂ ಹುಚ್ಚು ಹಿಡಿದವರ ಹಾಗೆ ಕಡಿದು ನಿನ್ನ ಹೆಸರಿನ ಕೋಲಿನ ಬುಡಕ್ಕೆ ತಂದು ಸುರಿದರು. ನಿನ್ನ ಜೊತೆ ಜೋಡಿಯಾಗಿ ಕಡಿಯುವವನೆಂದು ನಿನ್ನ ಭಾವ ಎಲಾದಿಯೊ ತನ್ನದೆಲ್ಲವನ್ನೂ ಹಾಕಿದ, ಒಂದು ಗಳವನ್ನೂ ತನಗೆಂದು ಉಳಿಸಿಕೊಳ್ಳಲಿಲ್ಲ. ಆ ಹೊತ್ತಿಗೇ ಕ್ಯಾಮೆರಾದವನು ಬರಬೇಕೆ? ಬೆಟ್ಟದಷ್ಟು ಕಬ್ಬು, ಮೇಲೊಂದು ಕೋಲು, ಕೋಲಿಗೆ ತಗಡು, ತಗಡಿನ ಮೇಲೆ ನಿನ್ನ ಹೆಸರು. ಪಾಪ, ಅವನು ಇನ್ನೇನು ತಿಳಿದಾನು? ಆದರೆ ನಮ್ಮ ಗುಂಪಿನ ನಾಯಕ ಬಾಲ್ಬಿನೊ ಎದುರಿಗೇ ನಿಂತಿದ್ದನಲ್ಲ, ನಿಜ ಹೇಳಲು ಅವನ ಬಾಯಿಗೇನು ಕಬ್ಬಿನ ಸಿಪ್ಪೆ ಸಿಕ್ಕಿತ್ತೇ? "ಹೌದು ಹೌದು, ಇವನೊಬ್ನೇ ಕಡ್ದಿದ್ದು" ಅಂದುಬಿಟ್ಟ.

ನೀನು ಹೇಳು. ಹೇಳಿ ಬಾ. ಕುಡಿಸದೆ ಓಡಿಹೋಗಿದ್ದೀಯ ಎಂಬುದನ್ನು ಇಲ್ಲಿ ಯಾರೂ ಮರೆತಿಲ್ಲ.

ಎವಾರಿಸ್ತಾ


ಹವಾನಾ
೨ ಮೇ ೧೯೭೦

ಅಕ್ಕಾ,

ಹೇಳಿದೆ. ಆಣೆಗೂ ಹೇಳಿದೆ. ಉರ್ಕಿಯೊಲಾ ಕಾರಿನಲ್ಲಿ ಬಿದ್ದು ಬಿದ್ದು ನಕ್ಕ. "ಎಂಥಾ ಚೆಂದದ ಕಥೆ ಮಾರಾಯ! ಮುಂದಿನ ವರ್ಷ ಬರೆಯೋಣ. ಈಗ ದೇಶಕ್ಕೆ ಬೇಕಾಗಿರೋದು ಒಬ್ಬ. ಹದಿನೆಂಟು ಮುಖಾನ ಒಂದು ಗೋಡೆ ಮೇಲೆ ಬರೆಯೋಕಾಗುತ್ತಾ?" ಅಂದ. ಕೆಟ್ಟವನಲ್ಲ ಅವನು. ನನಗೆ ತನ್ನ ಬೂಟು ಕೊಟ್ಟಿದ್ದಾನೆ.

ಈ ವರ್ಷ ಕೋಟಿ ಟನ್ ಸಕ್ಕರೆ ಆಗಲೇಬೇಕು, ನಿನಗೂ ಗೊತ್ತು. ನನ್ನ ಮಾತು ಕೇಳಿ ಗುಮಾಸ್ತರು, ಮೇಷ್ಟ್ರುಗಳು ಮಚ್ಚು ಹಿಡಿದು ಗದ್ದೆಗೆ ಇಳಿಯುತ್ತಿದ್ದಾರಂತೆ. ನನ್ನ ರಾಶಿ ಇದ್ದಕ್ಕಿದ್ದ ಹಾಗೆ ಕರಗಿದರೆ ಅವರ ಉತ್ಸಾಹವೂ ಕರಗುತ್ತದೆ ಎನ್ನುತ್ತಾರೆ. ಅದಕ್ಕೇ ಬಾಲ್ಬಿನೊ ಒಂದು ಏರ್ಪಾಡು ಮಾಡಿದ್ದಾನೆ. ಈ ಕಟಾವು ಮುಗಿಯುವವರೆಗೆ ಭಾವ ತನ್ನ ಕಬ್ಬನ್ನು ನನ್ನ ಕೋಲಿಗೇ ಹಾಕಲಿ. ಜೋಡಿಯವರಲ್ಲವೇ ನಾವು? ಸಂಬಳ ಹೇಗೂ ಎಲ್ಲರಿಗೂ ಒಂದೇ. ಯಾರಿಗೆ ನಷ್ಟ?

ರೊಸೆಂದೊ


ಲಾ ಕಲಾಂದ್ರಿಯಾ
೩ ಆಗಸ್ಟ್ ೧೯೭೦

ತಮ್ಮಾ,

ಯಾರಿಗೆ ನಷ್ಟ ಎಂದು ಕೇಳಿದೆಯಲ್ಲ, ಮೂರು ತಿಂಗಳು ಯೋಚಿಸಿ ಬರೆಯುತ್ತಿದ್ದೇನೆ.

ಕೋಟಿ ಆಗಲಿಲ್ಲ. ರೇಡಿಯೋದಲ್ಲೇ ಒಪ್ಪಿಕೊಂಡರು. ಕಬ್ಬು ಕಡಿಯಲಿಕ್ಕೆಂದು ಕ್ರಿಸ್ಮಸ್ಸನ್ನು ಜುಲೈಗೆ ತಳ್ಳಿದ್ದರು, ಬೆವರು ಸುರಿಸುತ್ತಾ ಹಂದಿಮಾಂಸ ತಿಂದೆವು. ಹೋಗಲಿ, ಒಪ್ಪಿಕೊಂಡರಲ್ಲ ಎಂದು ನಾನು ಮೆಚ್ಚಿದೆ. ಆಮೇಲೆ ಹೊಸ ಅಳತೆ ಬಂತು. ರೊಸೆಂದೊ ಒಂದು ದಿನಕ್ಕೆ ಕಡಿದುದರಲ್ಲಿ ಅರ್ಧವನ್ನಾದರೂ ಪ್ರತಿಯೊಬ್ಬನೂ ದಿನಾ ಕಡಿಯಬೇಕಂತೆ. ಹದಿನೆಂಟು ಜನ ಹುಟ್ಟುಹಬ್ಬದ ಹುಚ್ಚಿನಲ್ಲಿ ಕಡಿದುದರ ಅರ್ಧ! ನಮ್ಮ ಗುಂಪಿನ ನಿಕಾನೊರ್ ಆ ಅಳತೆ ಮುಟ್ಟಲು ಹೋಗಿ, ಕತ್ತಲಾದರೂ ಬಿಡದೆ ಕಡಿದು, ಮೊಳಕಾಲ ಕೆಳಗೆ ಮಚ್ಚು ಹಾಕಿಕೊಂಡ. ಈಗ ಕುಂಟುತ್ತಾನೆ. ಅವನ ಹೆಂಡತಿ ನನ್ನನ್ನು ಕಂಡರೆ ಬಕೆಟ್ಟು ಹಿಡಿದು ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ಇದು ನಷ್ಟ.

ಊಟದ ಚಪ್ಪರದ ಗೋಡೆಯ ಮೇಲೆ ನಿನ್ನ ಮುಖ ಬರೆದಿದ್ದಾರೆ. ನಿನ್ನ ಮೈಬಣ್ಣ ಎರಡು ಪಟ್ಟು ತಿಳಿಯಾಗಿದೆ, ನಿನ್ನ ಬಾಯಲ್ಲಿಲ್ಲದ ಹಲ್ಲೂ ಸೇರಿ ಎಲ್ಲವೂ ಇವೆ. ನಿನ್ನ ಭಾವ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, "ಏನಪ್ಪಾ ವೀರಾ, ಕಾಫಿ ಆಯ್ತಾ?" ಅಂತಾನೆ. ಆ ಗೋಡೆಯನ್ನೇ ಮಾತನಾಡಿಸುವಷ್ಟು ನೀನು ಅವನಿಗೆ ಬೇಕು. ಕಟಾವು ಮುಗಿಯಿತಲ್ಲ, ಬಾ.

ಎವಾರಿಸ್ತಾ


ಸೋಫಿಯಾ, ಬಲ್ಗೇರಿಯಾ
೧೨ ಡಿಸೆಂಬರ್ ೧೯೭೦

ಪ್ರೀತಿಯ ಸಂಗಾತಿ ಅಕ್ಕನವರೇ,

ಸೋದರ ರಾಷ್ಟ್ರದ ದುಡಿಯುವ ಜನತೆಯ ಹಾರ್ದಿಕ ಸ್ವಾಗತದ ನಡುವೆ ಈ ಪತ್ರವನ್ನು ಬರೆಯುತ್ತಿದ್ದೇನೆ. ಇಲ್ಲಿ ಹಿಮ ಬೀಳುತ್ತಿದೆ. ಇಲ್ಲಿಯ ಕಾರ್ಮಿಕರು ನಮ್ಮ ಹೋರಾಟದಿಂದ ಸ್ಫೂರ್ತಿ ಪಡೆದಿದ್ದಾರೆ. ನಿಕಾನೊರ್ ಅವರ ಅಪಘಾತದ ಬಗ್ಗೆ ವಿಷಾದವಾಯಿತು. ಹೊಸ ವರ್ಷದ ಶುಭಾಶಯಗಳು.

ರೊಸೆಂದೊ


ಲಾ ಕಲಾಂದ್ರಿಯಾ
೨೦ ಫೆಬ್ರವರಿ ೧೯೭೧

ರೊಸೆಂದೊ,

ಅಕ್ಕನವರೇ? ನಿನ್ನ ಮೂಗು ಒರೆಸಿದ ಬಟ್ಟೆ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಇನ್ನೊಂದು ಸಲ 'ನವರೇ' ಎಂದರೆ ಹವಾನಾಗೆ ಬಂದು ಎಲ್ಲರೆದುರು ಕಪಾಳಕ್ಕೆ ಕೊಡುತ್ತೇನೆ.

ಮೊನ್ನೆ ನಿನ್ನ ಹುಟ್ಟುಹಬ್ಬ. ಯಾರೂ ಕಬ್ಬು ಎಸೆಯಲಿಲ್ಲ. ದಿನಾ ನಿನ್ನ ಹುಟ್ಟುಹಬ್ಬವೇ ಆಗಿರುವಾಗ ಒಂದು ದಿನ ಏನು ವಿಶೇಷ? ಕಟಾವು ಶುರುವಾದ ಮೊದಲ ಬೆಳಿಗ್ಗೆಯೇ ಬಾಲ್ಬಿನೊ ಎಲಾದಿಯೊನ ಕೋಲನ್ನು ಕಿತ್ತುಕೊಂಡು, "ಜೋಡಿಗೆ ಒಂದೇ ಕೋಲು ಸಾಕು ಕಣಯ್ಯಾ" ಅಂದ. ಈ ಕಟಾವಿಗೆ ಮಾತ್ರ ಎಂದು ನೀನು ಬರೆದಿದ್ದೆ. ಇದು ಇನ್ನೊಂದು ಕಟಾವು. ನೀನು ಹಿಮದಲ್ಲಿ ಕೋಟು ಹಾಕಿಕೊಂಡು ನಿಂತಿದ್ದಾಗಲೂ ಇಲ್ಲಿ ನಿನ್ನ ರಾಶಿ ಬೆಳೆಯುತ್ತಲೇ ಇತ್ತು. ಸಂಜೆ ಧ್ವನಿವರ್ಧಕದಲ್ಲಿ ಓದುತ್ತಾರೆ: 'ರೊಸೆಂದೊ ಇಂದೂ ಮೊದಲು!' ಬಲ್ಗೇರಿಯಾದಲ್ಲಿ ನಿಂತು ಕಾಮಾಗ್ವೇಯ ಕಬ್ಬು ಕಡಿಯುವ ನಿನ್ನ ಕೈ ಎಷ್ಟು ಉದ್ದವೋ!

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದ ಕೈ ನನ್ನ ಗಂಡನದು, ಮೊಸರಾದ ಬಾಯಿ ನಿನ್ನದು. ನನಗೆ ಸಿಟ್ಟು ಬಂದಿದೆ ಎಂದು ನೇರವಾಗಿಯೇ ಬರೆಯುತ್ತಿದ್ದೇನೆ. ಉತ್ತರ ಬರೆ.

ಎವಾರಿಸ್ತಾ


ಲಾ ಕಲಾಂದ್ರಿಯಾ
೨೧ ಏಪ್ರಿಲ್ ೧೯೭೧

ರೊಸೆಂದೊ,

ಉತ್ತರ ಬರಲಿಲ್ಲ. ಈಗ ಸಿಟ್ಟನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ, ಸಹಾಯ ಬೇಕಾಗಿದೆ.

ಸೋಮಾರಿಗಳ ಮೇಲೆ ಹೊಸ ಕಾನೂನು ಬಂದಿರುವುದು ನಿನಗೆ ಗೊತ್ತು. ದುಡಿಯದ ಗಂಡಸನ್ನು ಎರಡು ವರ್ಷದವರೆಗೂ ದೂರದ ಯಾವುದೋ ತೋಟಕ್ಕೆ ಕಳಿಸಿ, ಕಾವಲಿಟ್ಟು ದುಡಿಸುತ್ತಾರೆ. ಒಳ್ಳೆಯದೇ, ನಮ್ಮ ಊರಲ್ಲೂ ಇಬ್ಬರು ಮೂವರು ಇದ್ದಾರೆ ಎಂದುಕೊಂಡೆ. ಕಾಗದ ಬಂದದ್ದು ಎಲಾದಿಯೊನ ಹೆಸರಿಗೆ.

ಎಲಾದಿಯೊ ಸೋಮಾರಿಯಂತೆ! ಬೆಳಗಿನ ಜಾವ ಎದ್ದು ಕೋಳಿಯನ್ನು ಎಬ್ಬಿಸುವವನು! ವಿಚಾರಣೆಗೆ ಬಂದವನು ಹುಡುಗ ವಯಸ್ಸಿನವನು, ಮಾತು ಮೆತ್ತಗೆ. "ನೋಡಿ ಯಜಮಾನ್ರೇ, ಒಂದು ವರ್ಷ ಆಗ್ತಾ ಬಂತು, ನಿಮ್ಮ ಹೆಸರಲ್ಲಿ ಒಂದು ಗಳ ಕಬ್ಬೂ ಇಲ್ಲ" ಅಂದ. ಎಲಾದಿಯೊ ಎರಡೂ ಅಂಗೈ ಚಾಚಿದ. ಆ ಅಂಗೈಯಲ್ಲಿ ಬೆಂಕಿಕಡ್ಡಿ ಗೀರಬಹುದು, ಅಷ್ಟು ಒರಟಾಗಿವೆ. ಹುಡುಗ ನೋಡಿ, "ಕೈ ತೋರ್ಸಿದ್ರೆ ನಾನೇನು ಮಾಡ್ಲಿ? ಹೆಸರು ತೋರ್ಸಿ" ಅಂದ. ನಾನು ಸೆವೆರೊನನ್ನು ಎಳೆದುಕೊಂಡು ಬಂದೆ. ಮುದುಕ ಟೋಪಿ ಹಿಂಡುತ್ತಾ, "ಕೋಲಿನ್ ಮೇಲೆ ಏನಿತ್ತೋ ಅದನ್ನ ಬರ್ದೆ ತಾಯೀ" ಅಂದ. ಬಾಲ್ಬಿನೊಗೆ ಅವತ್ತೇ ಹಲ್ಲುನೋವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತಿಗೆ ಜ್ವರವೂ ಇಲ್ಲ, ಪದಕ ಇದೆ. ಬರೆ ಮಾತ್ರ ನಮಗೆ.

ನಮ್ಮವರೆಲ್ಲರಿಗೂ ನಿಜ ಗೊತ್ತು, ಆದರೆ ನಮ್ಮ ಮಾತು ಮಾತಲ್ಲ. ನಿನ್ನ ಮಾತು ಮಾತು. ಮೇ ಹದಿನೈದಕ್ಕೆ ಊಟದ ಚಪ್ಪರದಲ್ಲಿ ಸಭೆ ಸೇರಿಸಿ ತೀರ್ಮಾನ ಮಾಡುತ್ತಾರೆ. ಒಂದು ಸಾಲು ಬರೆದು ಸಹಿ ಮಾಡಿ ಕಳಿಸು: ನನ್ನ ಹೆಸರಿನ ಕಬ್ಬು ಎಲಾದಿಯೊ ಕಡಿದದ್ದು. ಅಷ್ಟೇ ಸಾಕು. ನಾನು ನಿನ್ನನ್ನು ಇದುವರೆಗೆ ಏನೂ ಕೇಳಿಲ್ಲ.

ಅಕ್ಕ


ಹವಾನಾ
೪ ಮೇ ೧೯೭೧

ಸಂಗಾತಿ ಎವಾರಿಸ್ತಾ,

ನಿಮ್ಮ ಪತ್ರ ತಲುಪಿದೆ. ದುಡಿಮೆಯೇ ಗೌರವವಾಗಿರುವ ಸಮಾಜದಲ್ಲಿ ಪ್ರತಿಯೊಬ್ಬನೂ ತನ್ನ ಆತ್ಮವಿಮರ್ಶೆಗೆ ಸಿದ್ಧನಾಗಿರಬೇಕು. ಸಾಮೂಹಿಕ ನಿರ್ಣಯದಲ್ಲಿ ವೈಯಕ್ತಿಕ ಸಂಬಂಧಗಳಿಗೆ ಎಡೆಯಿಲ್ಲ. ಸಂಗಾತಿ ಎಲಾದಿಯೊ ಅವರು ಶಿಸ್ತಿನಿಂದ ಸಭೆಯ ತೀರ್ಪನ್ನು ಸ್ವೀಕರಿಸುವರೆಂಬ ವಿಶ್ವಾಸ ನನಗಿದೆ.

ರೊಸೆಂದೊ

ಅಕ್ಕಾ, ಮೇಲಿನದು ಟೈಪು ಮಾಡಿಸಿದ್ದು. ಹದಿನೈದಕ್ಕೆ ನಾನೇ ಬರುತ್ತಿದ್ದೇನೆ.


ಲಾ ಕಲಾಂದ್ರಿಯಾ
೨೩ ಮೇ ೧೯೭೧

ರೊಸೆಂದೊ, ನನ್ನ ತಮ್ಮಾ,

ನಿನ್ನನ್ನು ಎಲ್ಲಿಗೆ ಕರೆದೊಯ್ದರೋ ಯಾರೂ ಹೇಳುತ್ತಿಲ್ಲ. ಇದನ್ನು ಹಳೆಯ ವಿಳಾಸಕ್ಕೇ ಹಾಕುತ್ತೇನೆ. ನಡುವೆ ತೆರೆದು ಓದುವವರು ಇದ್ದರೆ ಓದಲಿ. ಅವರಿಗೂ ತಿಳಿಯಲಿ ಎಂದೇ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

'ನಾನೇ ಬರುತ್ತಿದ್ದೇನೆ' ಎಂಬ ಒಂದು ಸಾಲು ನೋಡಿ ನಾನು ಇದ್ದೊಂದು ಕೋಳಿಯನ್ನು ಕೊಯ್ದೆ. ನೀನು ಜೀಪಿನಿಂದ ಇಳಿದು ನನ್ನ ಕಡೆ ನೋಡದೆ ವೇದಿಕೆ ಹತ್ತಿದಾಗ ಅರ್ಥವಾಯಿತು. ನೀನು ಬಂದದ್ದು ಬಿಡಿಸಲಿಕ್ಕಲ್ಲ, ಸೋಮಾರಿಗಳ ವಿರುದ್ಧ ಭಾಷಣ ಮಾಡಲಿಕ್ಕೆ. ಪದಕ ಹಾಕಿಕೊಂಡಿದ್ದೆ. ಉರ್ಕಿಯೊಲಾ ಪಕ್ಕದಲ್ಲಿ ನಿಂತಿದ್ದ. 'ನಮ್ಮ ನಡುವೆ ಪರಾವಲಂಬಿಗಳಿದ್ದಾರೆ' ಎಂದು ಓದಿದೆ. ಎಲಾದಿಯೊನ ಹೆಸರಿದ್ದ ಆಮೇಲಿನ ಸಾಲನ್ನೂ ಓದಿದೆ. ನಾನು ಕೂತಲ್ಲೇ ಸತ್ತೆ. ನಿನಗೆ ಹೊಡೆಯಲು ಎದ್ದವಳನ್ನು ಹೆಂಗಸರು ಹಿಡಿದು ಕೂರಿಸಿದರು. ನಿಕಾನೊರ್‌ನ ಹೆಂಡತಿಯೂ ನನ್ನ ಕೈ ಹಿಡಿದಿದ್ದಳು.

ಮೂರನೆಯ ಸಾಲಿಗೆ ನೀನು ಕೆಮ್ಮತೊಡಗಿದೆ. ಆಗ ಎಲಾದಿಯೊ, ಆರೋಪ ಹೊತ್ತವನ ಬೆಂಚಿನಿಂದ ಎದ್ದು, ಸೊಂಟದಲ್ಲಿದ್ದ ನೀರಿನ ಬುರುಡೆ ಬಿಚ್ಚಿ ವೇದಿಕೆಗೆ ಚಾಚಿದ. "ಕುಡ್ಕೊಂಡು ಓದು ಮಗಾ. ಹಂಗೇ ಒಣಗಿದ್ ಬಾಯಲ್ಲಿ ಓದಬ್ಯಾಡ" ಅಂದ. ಒಂದು ಚೂರೂ ವ್ಯಂಗ್ಯವಿರಲಿಲ್ಲ ಅವನ ದನಿಯಲ್ಲಿ. ಅದಕ್ಕೇ ನನಗೆ ಅವನ ಮೇಲೆ ಇನ್ನೂ ಸಿಟ್ಟು.

ನೀನು ಕುಡಿದೆ. ಆ ಕಾಗದವನ್ನು ಮಡಿಸಿದೆ. "ಇವ್ನು ಸೋಮಾರಿ ಆದ್ರೆ ನಾನ್ಯಾರು? ನನ್ ಕೋಲಿಗೆ ಬಿದ್ದಿದ್ದೆಲ್ಲಾ ಇವನ್ ಕಬ್ಬು. ಆ ಫೋಟೋ ತೆಗೆದ ದಿನ ನನ್ನ ಹುಟ್ಟಿದಬ್ಬ ಕಣ್ರಯ್ಯಾ, ಹುಟ್ಟಿದಬ್ಬ!" ಎಂದು ಕೂಗಿದೆ. ಅಲ್ಲಿಗೆ ಧ್ವನಿವರ್ಧಕ ಕೆಟ್ಟಿತು. ನಿನ್ನ ದನಿ ಅದಿಲ್ಲದೆಯೂ ಹಿಂದಿನ ಸಾಲಿನವರೆಗೆ ಕೇಳಿಸಿತು. ಸೆವೆರೊ ಎದ್ದು ನಿಂತು "ಹೌದು" ಅಂದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಇನ್ನು ನಿನಗೆ ಗೊತ್ತಿಲ್ಲದ್ದು. ಜೀಪು ನಿನ್ನನ್ನು ತುಂಬಿಕೊಂಡು ಹೋದ ಮೇಲೆ ಆ ಮೆತ್ತನೆಯ ಹುಡುಗ ತಲೆ ಕೆರೆದುಕೊಂಡ. ಲಾ ಕಲಾಂದ್ರಿಯಾದಿಂದ ಒಬ್ಬ ಸೋಮಾರಿಯನ್ನು ಕಳಿಸುತ್ತೇವೆ ಎಂದು ಮೇಲಿನವರಿಗೆ ಹೇಳಿಯಾಗಿತ್ತಂತೆ. ಕಾನೂನು ತೆಗೆದು ನೋಡಿದ. ಕಬ್ಬು ಕಡಿಯುವವನೆಂದು ದಾಖಲಾಗಿ, ವರ್ಷಕ್ಕೂ ಹೆಚ್ಚು ಕಾಲ ಗದ್ದೆಗೆ ಕಾಲಿಡದವನು ಒಬ್ಬನಿದ್ದ, ನೀನು. ನಿನ್ನನ್ನು ಕರೆದೊಯ್ದವರೇ ಕೊಟ್ಟ ರಜೆಯ ಕಾಗದ ಎಲ್ಲೂ ಸಿಗಲಿಲ್ಲವಂತೆ. ಎಂಥ ನಾಚಿಕೆಗೆಟ್ಟ ಜನ ರೊಸೆಂದೊ! ಹೊಗಳಲಿಕ್ಕೂ ಅವರೇ ಎತ್ತಿಕೊಂಡು ಹೋದರು, ನೀನು ಗದ್ದೆಯಲ್ಲಿರಲಿಲ್ಲ ಎಂದು ದೂರುವವರೂ ಅವರೇ.

ಗೋಡೆಯ ಮೇಲಿನ ನಿನ್ನ ಮುಖಕ್ಕೆ ಮಾರನೆಯ ದಿನವೇ ಸುಣ್ಣ ಬಳಿದರು. ಸುಣ್ಣ ತೆಳು, ಕಣ್ಣು ಇನ್ನೂ ಕಾಣುತ್ತವೆ. ಎಲಾದಿಯೊನ ಮೇಲಿನ ಆರೋಪವನ್ನು ಬಿಟ್ಟೂ ಇಲ್ಲ, ಹಿಡಿದೂ ಇಲ್ಲ. ನಿನ್ನೆ ಬಾಲ್ಬಿನೊ ಹಲ್ಲು ಕಿರಿಯುತ್ತಾ ಮನೆಗೆ ಬಂದ. "ಎಲಾದಿಯೊ, ನಿನ್ ಫೋಟೋ ಬೇಕಂತೆ ಕಣಯ್ಯಾ. ನಿಜವಾದ ವೀರ ನೀನೇ ಅಂತ ಬರೀತಾರಂತೆ." ನನ್ನ ಗಂಡ ಮಚ್ಚು ಮಸೆಯುವುದನ್ನು ನಿಲ್ಲಿಸದೆ, "ನನ್ ಹುಟ್ಟಿದಬ್ಬ ಡಿಸೆಂಬರ್‌ನಾಗೆ. ಆಗ ಬಾ" ಅಂದ.

ಎಲ್ಲಿದ್ದೀಯೆಂದು ಬರೆ.

ಅಕ್ಕ


(ಊರ ಹೆಸರು ಬರೆಯಬಾರದಂತೆ)
೧೦ ಅಕ್ಟೋಬರ್ ೧೯೭೧

ಅಕ್ಕಾ,

ನಿನ್ನ ಕಾಗದ ನಾಲ್ಕು ತಿಂಗಳು ತಡವಾಗಿ ಬಂತು, ಯಾರೋ ಓದಿ ಓದಿ ಮಡಿಕೆ ಹರಿದಿದೆ. ನಾನಿರುವುದು ಒಂದು ಕಿತ್ತಳೆ ತೋಟ. ಗುಂಡಿ ತೋಡುವುದು, ಕಲ್ಲು ಹೊರುವುದು. ಮೊದಲ ತಿಂಗಳು ಕೈಯೆಲ್ಲ ಬೊಬ್ಬೆ ಬಂದಾಗ ನಾಚಿಕೆಯಾಯಿತು, ಈಗ ಹಳೆಯ ಕೈ ಮರಳಿ ಬರುತ್ತಿದೆ. ಊಟ ಮರಗೆಣಸು, ಮತ್ತೆ ಮರಗೆಣಸು.

ಒಬ್ಬ ನನ್ನನ್ನು ದಿಟ್ಟಿಸಿ, "ನೀನು ಆ ಗೋಡೆ ಮೇಲಿನ ಕಬ್ಬಿನವನ ತರ ಇದೀಯಲ್ಲೋ" ಅಂದ. "ಎಲ್ರೂ ಹಂಗೇ ಅಂತಾರೆ. ಅವ್ನಿಗೆ ಹಲ್ಲು ಜಾಸ್ತಿ" ಅಂದೆ.

ಆ ದಿನ ಕೂಗಿದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ. ಅದಕ್ಕೆ ಮೊದಲು ಓದಿದ ಎರಡು ಸಾಲು ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿವೆ. ಮತ್ತೆ ಸಿಟ್ಟು ಇದೆ ಅಕ್ಕಾ, ನಿನ್ನಷ್ಟೇ ಇದೆ. ಹದಿನೆಂಟು ಜನ ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಂಡು ಅದೇ ಹದಿನೆಂಟು ಜನರ ಬೆನ್ನಿಗೆ ಬಾರುಕೋಲು ಮಾಡಿದರಲ್ಲ. ಕಬ್ಬಿಗಾದರೂ ಮರ್ಯಾದೆ ಕೊಡಬೇಕಿತ್ತು.

ಯಾವಾಗ ಬಿಡುತ್ತಾರೆಂದು ಹೇಳುವುದಿಲ್ಲ. ಭಾವನ ಕೋಲು ಅವನಿಗೆ ಮರಳಿ ಸಿಕ್ಕಿತೇ?

ರೊಸೆಂದೊ


ಲಾ ಕಲಾಂದ್ರಿಯಾ
೧೯ ಫೆಬ್ರವರಿ ೧೯೭೨

ರೊಸೆಂದೊ,

ಸಿಕ್ಕಿತು. ಸೆವೆರೊ ತಾನೇ ಹೊಸ ತಗಡು ಹೊಡೆದು ತಂದುಕೊಟ್ಟ. ನಿನ್ನ ಕೋಲನ್ನು ಬಾಲ್ಬಿನೊ ಒಲೆಗೆ ಹಾಕಿದ್ದ, ನಿನ್ನ ಹೆಸರನ್ನು ಗದ್ದೆಯಲ್ಲಿ ಯಾರೂ ಎತ್ತಬಾರದೆಂದು ಹೇಳಿದ್ದ.

ನಿನ್ನೆ ನಿನ್ನ ಹುಟ್ಟುಹಬ್ಬ. ನಾನು ಮಧ್ಯಾಹ್ನ ಊಟ ಹೊತ್ತುಕೊಂಡು ಹೋದಾಗ ಗದ್ದೆಯ ನಡುವೆ ಒಂದು ಬೋಳು ಕೋಲು ನಿಂತಿತ್ತು, ತಗಡಿಲ್ಲ, ಹೆಸರಿಲ್ಲ. ಅದರ ಬುಡಕ್ಕೆ ಎಲಾದಿಯೊ ಬೆಳಗಿನ ಮೊದಲ ಹೊರೆ ಹಾಕಿದ್ದನಂತೆ. ನಿಕಾನೊರ್ ಕುಂಟುತ್ತಾ ಬಂದು ತನ್ನದನ್ನು ಹಾಕಿದ. ಸಂಜೆಗೆ ಅದು ಆಳೆತ್ತರ ದಾಟಿತ್ತು.

ಎತ್ತುವ ಯಂತ್ರ ಬಂದು ನಿಂತಿತು. ಹೆಸರಿಲ್ಲದ ರಾಶಿಯನ್ನು ಎತ್ತುವಂತಿಲ್ಲ. ಬಾಲ್ಬಿನೊ ಎಲ್ಲ ನೋಡಿದ, ತಾರೀಕು ನೆನಪಾಯಿತು, ಮುಖ ಕೆಂಪಾಯಿತು. "ಯಾರ್ದೋ ಒಂದು ಹೆಸರು ಬರ್ಕೊಳ್ಳೋ ಸೆವೆರೊ!" ಎಂದು ಅರಚಿದ. ಸೆವೆರೊ ಸೀಮೆಸುಣ್ಣ ಹಿಡಿದು ಒಬ್ಬೊಬ್ಬನ ಮುಂದೆಯೂ ನಿಂತು ಕೇಳಿದ. "ನಂದಲ್ಲ." "ನಂದಲ್ಲ." "ನಂದೂ ಅಲ್ಲ." ಎಲಾದಿಯೊನನ್ನು ಕೇಳಿದಾಗ, "ನಾನು ಸೋಮಾರಿ, ನಂದೆಲ್ಲಿಂದ ಬಂತು?" ಅಂದ. ಎಲ್ಲರೂ ನಕ್ಕರು. ಒಂದು ವರ್ಷದಿಂದ ಈ ಗದ್ದೆಯಲ್ಲಿ ಹಾಗೆ ನಕ್ಕಿರಲಿಲ್ಲ. ಅತ್ತ ಕಾರ್ಖಾನೆಯ ಸೈರನ್ನು ಕಬ್ಬು ಬೇಕೆಂದು ಒಂದೇ ಸಮನೆ ಹೊಯ್ದುಕೊಳ್ಳುತ್ತಿತ್ತು. ಕಡಿದ ಕಬ್ಬು ಕಾಯುವುದಿಲ್ಲ, ಹುಳಿಯಾಗುತ್ತದೆ, ಅದು ಬಾಲ್ಬಿನೊನ ತಲೆಗೇ ಬರುತ್ತದೆ.

ಕೊನೆಗೆ ಅವನೇ ಸೀಮೆಸುಣ್ಣ ಕಿತ್ತುಕೊಂಡ. ತಗಡು ತರಿಸಿದ. ನಮಗೆ ಬೆನ್ನು ಮಾಡಿ, ಇರುವೆ ಗಾತ್ರದ ಅಕ್ಷರದಲ್ಲಿ ಬರೆದ: ರೊಸೆಂದೊ. ಯಂತ್ರ ಎತ್ತಿಕೊಂಡು ಹೋಯಿತು.

ನಿನ್ನ ಹೆಸರಿನಲ್ಲಿ ಅವರು ಬರೆದುಕೊಂಡ ಅಷ್ಟೂ ಕಬ್ಬು ಸುಳ್ಳು. ಇದೊಂದು ರಾಶಿ ನಿಜ, ಇದು ನಾವು ಕೊಟ್ಟದ್ದು. ಇದಕ್ಕೆ ನಮಗೆ ಏನು ಮಾಡುತ್ತಾರೋ ಗೊತ್ತಿಲ್ಲ. ತೆರೆದು ಓದುವವರೇ, ನಿಮಗೂ ಹೇಳುತ್ತಿದ್ದೇನೆ, ಮಾಡುವುದನ್ನು ಮಾಡಿಕೊಳ್ಳಿ. ನಮ್ಮ ಹುಡುಗನನ್ನು ಮನೆಗೆ ಕಳಿಸಿ.

ರೊಸೆಂದೊ, ನೀನು ಎರಡು ಹುಟ್ಟುಹಬ್ಬಕ್ಕೆ ಕುಡಿಸುವುದು ಬಾಕಿ ಇದೆ. ರಮ್ಮು ಸಿಗದಿದ್ದರೆ ಕಳ್ಳಭಟ್ಟಿಯಾದರೂ ಆದೀತು ಎಂದು ಸೆವೆರೊ ಬರೆಯಲು ಹೇಳಿದ್ದಾನೆ. ನಿನ್ನ ಮಚ್ಚಿಗೆ ತುಕ್ಕು ಹಿಡಿದಿಲ್ಲ. ನಿನ್ನ ಭಾವ ಪ್ರತಿ ಭಾನುವಾರ ಎಣ್ಣೆ ಹಚ್ಚುತ್ತಾನೆ.

ಅಕ್ಕ